ಯಾವ ಬಣ್ಣ ಜಾಸ್ತಿ ಹೊಳೆಯುತ್ತೆ?

ನಾನು ಓದಿದ್ದು ಇಂಜಿನಿಯರಿಂಗು, ಹೊಟ್ಟೆಪಾಡು ಸಾಫ್ಟ್‌ವೇರು. ಆದರೂ ಒಂದು ವರ್ಷದಿಂದ ಫ್ಲೋ ಸೈಟೋಮೀಟರ್ ಕೊಡೋ ಡೇಟಾ ಜೊತೆ ಗುದ್ದಾಡ್ತಿದ್ದೀನಿ. ಹಾಗಾಗಿ ಹೇಳಿಬಿಡ್ತೀನಿ: ಬಣ್ಣ ಮಾರೋ ಕಂಪನಿಗಳ 'ಹೊಳಪಿನ ಪಟ್ಟಿ'ಯನ್ನ ಪಂಚಾಂಗದ ಥರ ನಂಬಬಾರದು.

ಗೊತ್ತಿಲ್ಲದವರಿಗೆ ಒಂದು ಮಾತು. ರಕ್ತದ ಜೀವಕೋಶಗಳಿಗೆ ಹೊಳೆಯುವ ಬಣ್ಣ ಕಟ್ಟಿದ ಆಂಟಿಬಾಡಿ ಅಂಟಿಸಿ, ಒಂದೊಂದನ್ನೇ ಲೇಸರ್ ಮುಂದೆ ಹಾಯಿಸಿ, ಹೊಮ್ಮುವ ಬೆಳಕು ಅಳೆಯೋ ಯಂತ್ರ ಇದು. ಬೆಂಗಳೂರಲ್ಲಿ ಎನ್‌ಸಿಬಿಎಸ್‌ನವರು ಸಂಶೋಧನೆಗೆ, ಕಿದ್ವಾಯಿಯವರು ರಕ್ತದ ಕ್ಯಾನ್ಸರ್ ಗುರುತಿಸೋಕೆ ಬಳಸ್ತಾರೆ.

ಪಟ್ಟಿಯಲ್ಲಿ ಪಿಇ ಮೇಲೆ, ಎಫ್‌ಐಟಿಸಿ ಕೆಳಗೆ. ಕಾರಣ ಇಲ್ಲದಿಲ್ಲ. ಪಿಇ ಕೆಂಪು ಪಾಚಿಯ ದೊಡ್ಡ ಪ್ರೋಟೀನು. ಜೀವಕೋಶ ನೋಡೋಕೆ ಇದು ಒದಗುತ್ತೆ ಅಂತ 1982ರಲ್ಲಿ ಓಯ್, ಗ್ಲೇಜರ್, ಸ್ಟ್ರೈಯರ್ ತೋರಿಸಿದರು. ಇದರ ಒಂದು ಅಣು ಎಫ್‌ಐಟಿಸಿಯ ಒಂದು ಅಣುವಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಬೆಳಕು ಹೀರುತ್ತೆ. ಆದರೆ ಒಂದು ಆಂಟಿಬಾಡಿಗೆ ಎಫ್‌ಐಟಿಸಿ ಹಲವು ಅಂಟುತ್ತೆ, ಪಿಇ ಸಾಮಾನ್ಯವಾಗಿ ಒಂದೇ!

ನಮ್ಮ ವಿರೂಪಾಕ್ಷಿಪುರ ಇರೋದು ಚನ್ನಪಟ್ಟಣ ತಾಲ್ಲೂಕಲ್ಲಿ. ಗೊಂಬೆಯ ಹಳದಿ ಅರಗು ಬಿಳಿ ಹಾಲೆ ಮರದ ಮೇಲೆ ಕಣ್ಣು ಕುಕ್ಕುತ್ತೆ. ಅದನ್ನೇ ಬೀಟೆಗೆ ಹಚ್ಚಿ ನೋಡಿ, ಮಂಕು. ಬಣ್ಣ ಅದೇ, ಹಿನ್ನೆಲೆ ಬೇರೆ.

ಕೋಶಗಳದ್ದೂ ಇದೇ ಕಥೆ. ಒಂದು ಲೆಕ್ಕ ನೋಡಿ (ಅಂಕಿ ಉದಾಹರಣೆಗೆ ಮಾತ್ರ). ಮೊದಲ ಬಣ್ಣ ಹಿಡಿದ ಕೋಶಗಳ ಹೊಳಪು 10,000, ಹಿಡಿಯದವುಗಳದ್ದು 400, ಅವುಗಳ ಚೆದುರುವಿಕೆ 200. ಎರಡನೇ ಬಣ್ಣಕ್ಕೆ 4,000, 100, 30. ವ್ಯತ್ಯಾಸವನ್ನ ಚೆದುರುವಿಕೆಯ ಎರಡರಷ್ಟರಿಂದ ಭಾಗಿಸಿದರೆ ಮೊದಲನೆಯದಕ್ಕೆ 24, ಎರಡನೆಯದಕ್ಕೆ 65. ಮಂಕಾಗಿರೋದೇ ಗೆದ್ದಿತು! ಇದಕ್ಕೆ ಸ್ಟೇನ್ ಇಂಡೆಕ್ಸ್ ಅಂತಾರೆ. ನಮ್ಮ ಸಿಗ್ನಲ್-ನಾಯ್ಸ್ ಲೆಕ್ಕದ ದಾಯಾದಿ ಅಷ್ಟೆ, ಹೆಸರು ಮಾತ್ರ ಗತ್ತಿನದು.

ಯಂತ್ರದ ಪಾತ್ರವೂ ಇದೆ. ಬ್ರಿಲಿಯಂಟ್ ವೈಲೆಟ್ 421 ಪಟ್ಟಿಯಲ್ಲಿ ರಾಜ. ಆದರೆ ಅದಕ್ಕೆ 405 ನ್ಯಾನೋಮೀಟರಿನ ನೇರಳೆ ಲೇಸರ್ ಬೇಕು. 488ರ ನೀಲಿ ಲೇಸರ್ ಒಂದೇ ಇರೋ ಹಳೇ ಯಂತ್ರದಲ್ಲಿ ಈ ರಾಜ ಕತ್ತಲಲ್ಲೇ ಕೂರ್ತಾನೆ.

ಇದೆಲ್ಲ ಬರೀ ಲೆಕ್ಕದ ಚಟ ಅನ್ಕೋಬೇಡಿ. ಲ್ಯುಕೇಮಿಯಾ ಚಿಕಿತ್ಸೆ ಆದಮೇಲೆ ಹತ್ತು ಸಾವಿರ ಕೋಶಗಳಲ್ಲಿ ಒಂದು ರೋಗದ ಕೋಶ ಉಳಿದಿದೆಯಾ ಅಂತ ಇದೇ ಯಂತ್ರದಲ್ಲಿ ಹುಡುಕ್ತಾರೆ. ಕೋಶದ ಮೇಲೆ ದಂಡಿಯಾಗಿರೋ ಗುರುತಿಗೆ ಪಿಇ ಸುರಿದು, ಅಪರೂಪದ ಗುರುತಿಗೆ ಮಂಕು ಬಣ್ಣ ಉಳಿಸಿಕೊಂಡರೆ ಆ ಒಂದು ಕೋಶ ಹಿನ್ನೆಲೆಯಲ್ಲೇ ಮುಳುಗಿಹೋಗುತ್ತೆ. ಅಪರೂಪದ್ದಕ್ಕೆ ಹೊಳೆಯೋ ಬಣ್ಣ, ದಂಡಿಯಾಗಿರೋದಕ್ಕೆ ಮಂಕು ಬಣ್ಣ ಹಾಕಬೇಕು, ಅದೂ ನಮ್ಮದೇ ಯಂತ್ರದಲ್ಲಿ, ನಮ್ಮದೇ ಕೋಶಗಳ ಮೇಲೆ ಅಳೆದು ನೋಡಿ. ಪಟ್ಟಿ ನೋಡೋದು ಆಮೇಲೆ.