ಎಸಿ ಅಗ್ಗವಾಯಿತು, ರಿಪೇರಿ ಅಗ್ಗವಾಗಲಿಲ್ಲ: ಗ್ಯಾಸ್ ತುಂಬಿಸುವ ಮೊದಲು ಕೇಳಬೇಕಾದ ಪ್ರಶ್ನೆಗಳು

2025ರ ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ತೆರಿಗೆ ಬಿಟ್ಟು 32,000 ರೂಪಾಯಿ ಬೆಲೆಯ ಎಸಿಗೆ ಮೊದಲು 40,960 ರೂ. ಕೊಡಬೇಕಿತ್ತು, ಈಗ 37,760 ರೂ. ಸಾಕು. ಅಂದರೆ 3,200 ರೂ. ಉಳಿತಾಯ. ಕರಾವಳಿಯ ಸೆಖೆಗೆ ಬೇಸತ್ತಿದ್ದ ಎಷ್ಟೋ ಮಧ್ಯಮ ವರ್ಗದ ಮನೆಗಳಿಗೆ ಇದು ಸಿಹಿ ಸುದ್ದಿಯೇ.

ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕು. ರಿಪೇರಿ ಕೆಲಸದ ಮೇಲಿನ ಜಿಎಸ್‌ಟಿ ಮೊದಲೂ ಶೇ. 18 ಇತ್ತು, ಈಗಲೂ ಅಷ್ಟೇ ಇದೆ. ಊರಿಂದ ಊರಿಗೆ, ಕಂಪೆನಿಯಿಂದ ಕಂಪೆನಿಗೆ ದರ ಬೇರೆಯಾದರೂ, ಒಂದೂವರೆ ಟನ್ ಎಸಿಗೆ ಒಮ್ಮೆ ಗ್ಯಾಸ್ ತುಂಬಿಸಲು ಸುಮಾರು ಎರಡೂವರೆಯಿಂದ ಮೂರೂವರೆ ಸಾವಿರ ರೂಪಾಯಿ ಬೀಳುತ್ತದೆ. ಸರಕಾರ ಬಿಟ್ಟುಕೊಟ್ಟ 3,200 ರೂಪಾಯಿ ಒಂದೇ ಗ್ಯಾಸ್ ಫಿಲ್ಲಿಂಗ್‌ಗೆ ಮುಗಿಯಿತು. ಪ್ರತಿ ಬೇಸಗೆಗೂ ತುಂಬಿಸಿದರೆ ನಾಲ್ಕು ವರ್ಷಕ್ಕೆ ಹನ್ನೆರಡು ಸಾವಿರ ದಾಟುತ್ತದೆ. ಹೊಸ ಎಸಿಯ ಬೆಲೆಯ ಮೂರನೇ ಒಂದು ಭಾಗ ಹೀಗೆ ಗಾಳಿಯಲ್ಲೇ ಹೋಗುತ್ತದೆ.

ಗ್ಯಾಸ್ ಖರ್ಚಾಗುವ ವಸ್ತುವಲ್ಲ

'ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು' ಎಂಬ ಮಾತನ್ನು ಎಸಿ ಇರುವ ಮನೆಯವರೆಲ್ಲ ಕೇಳಿರುತ್ತಾರೆ. ಅಡುಗೆ ಸಿಲಿಂಡರ್‌ನಂತೆ ಇದೂ ಬಳಸಿದಷ್ಟೂ ಮುಗಿಯುತ್ತದೆ ಅಂತ ಹಲವರು ತಿಳಿದುಕೊಂಡಿದ್ದಾರೆ. ವಾಸ್ತವ ಹಾಗಿಲ್ಲ. ಎಸಿಯ ಗ್ಯಾಸ್ ಮುಚ್ಚಿದ ಪೈಪುಗಳೊಳಗೆ ಸುತ್ತುತ್ತಲೇ ಇರುತ್ತದೆ, ಉರಿದು ಹೋಗುವುದಿಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಲೀಕ್ ಇದೆ ಅಥವಾ ಕೂರಿಸುವಾಗಲೇ ತಪ್ಪಾಗಿದೆ ಎಂದರ್ಥ. ಲೀಕ್ ಹುಡುಕದೆ ಗ್ಯಾಸ್ ತುಂಬಿಸುವುದು ತೂತಾದ ಬಿಂದಿಗೆಗೆ ನೀರು ಸುರಿದಂತೆ.

ತಂಪು ಕಡಿಮೆಯಾದಾಗಲೆಲ್ಲ ಗ್ಯಾಸೇ ಕಾರಣವೂ ಅಲ್ಲ. ಫಿಲ್ಟರ್‌ನಲ್ಲಿ ದೂಳು ಕಟ್ಟಿದ್ದರೆ, ಹೊರಗಿನ ಯೂನಿಟ್ ಕೊಳೆಯಾಗಿದ್ದರೆ, ಹಳೆಯ ಎಸಿಗಳಲ್ಲಿ ಕೆಲವು ನೂರು ರೂಪಾಯಿಯ ಕೆಪಾಸಿಟರ್ ಸೋತಿದ್ದರೆ ಕೂಡ ಹೀಗಾಗುತ್ತದೆ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ 'ಗ್ಯಾಸ್‌ಗೆ ಎಷ್ಟಾಗುತ್ತದೆ' ಎಂದಲ್ಲ, 'ಲೀಕ್ ಎಲ್ಲಿದೆ, ತೋರಿಸಿ' ಎಂದು.

ಉತ್ತರದ ಮೇಲೆ ಖರ್ಚು ನಿಂತಿದೆ. ಪೈಪು ಕೂಡುವ ನಟ್ ಬಳಿ ಲೀಕ್ ಇದ್ದರೆ ಅದು ಸಣ್ಣ ಕೆಲಸ. ಕಾಯಿಲ್‌ನಲ್ಲೇ ತೂತಾಗಿದ್ದರೆ ಬೆಸುಗೆ ಹಾಕಬೇಕು ಅಥವಾ ಕಾಯಿಲ್ ಬದಲಿಸಬೇಕು, ಆಗ ಬಿಲ್ ಹಲವು ಪಟ್ಟು ಏರುತ್ತದೆ. ಸರಿಯಾದ ಕೆಲಸಕ್ಕೆ ಒಂದು ಕ್ರಮವಿದೆ. ನೈಟ್ರೋಜನ್ ಒತ್ತಡ ಕೊಟ್ಟು ಸಾಬೂನು ನೀರಿನಿಂದ ಲೀಕ್ ಹುಡುಕಬೇಕು, ಮುಚ್ಚಬೇಕು, ವ್ಯಾಕ್ಯೂಮ್ ಪಂಪ್‌ನಿಂದ ಒಳಗಿನ ಗಾಳಿ ಮತ್ತು ತೇವ ತೆಗೆಯಬೇಕು, ಆಮೇಲೆ ಗ್ಯಾಸ್ ತೂಗಿ ಹಾಕಬೇಕು. ಹದಿನೈದು ನಿಮಿಷದಲ್ಲಿ ಇದೆಲ್ಲ ಮುಗಿಯುವುದಿಲ್ಲ.

ತೂಕದ ವಿಚಾರ ವ್ಯಾಪಾರಿಗಳಾದ ನಮಗೆ ಬೇಗ ಅರ್ಥವಾಗಬೇಕು. ಅಂಗಡಿಯಲ್ಲಿ ಅರ್ಧ ಕಿಲೋ ಸಕ್ಕರೆಯನ್ನೂ ತೂಗದೆ ಯಾರೂ ಕೊಳ್ಳುವುದಿಲ್ಲ. ಆದರೆ ಮೂರು ಸಾವಿರದ ಗ್ಯಾಸನ್ನು ತೂಗದೆ ಕೊಳ್ಳುತ್ತೇವೆ. ಹೊರಗಿನ ಯೂನಿಟ್ ಮೇಲಿನ ಪಟ್ಟಿಯಲ್ಲಿ ಯಾವ ಗ್ಯಾಸ್, ಎಷ್ಟು ಗ್ರಾಂ ಎಂದು ಕಂಪೆನಿಯೇ ಅಚ್ಚು ಹಾಕಿರುತ್ತದೆ. ಅದರ ಫೋಟೋ ತೆಗೆದು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಈಗಿನ ಎಸಿಗಳಲ್ಲಿ ಹೆಚ್ಚಾಗಿ ಆರ್-32 ಇರುತ್ತದೆ, ಸ್ವಲ್ಪ ಹಳೆಯವುಗಳಲ್ಲಿ ಆರ್-410ಎ, ಇನ್ನೂ ಹಳೆಯವುಗಳಲ್ಲಿ ಆರ್-22. ಒಂದಕ್ಕೆ ಇನ್ನೊಂದನ್ನು ಬೆರೆಸುವಂತಿಲ್ಲ. ಆರ್-22 ಓಝೋನ್ ಪದರಕ್ಕೆ ಹಾನಿ ಮಾಡುವ ಕಾರಣ ಮಾಂಟ್ರಿಯಲ್ ಒಪ್ಪಂದದಂತೆ 2030ರ ಹೊತ್ತಿಗೆ ಹಂತ ಹಂತವಾಗಿ ನಿಲ್ಲಬೇಕಾದ ಗ್ಯಾಸ್. ಅಂಥ ಹಳೆಯ ಎಸಿಯ ಕಾಯಿಲ್‌ಗೆ ದೊಡ್ಡ ಮೊತ್ತ ಸುರಿಯುವ ಮೊದಲು ಎರಡು ಸಲ ಯೋಚಿಸಬೇಕು.

ಅವಿನಾಶಿಯ ಎಸಿ, ಉಳ್ಳಾಲದ ಎಸಿ

ಬಟ್ಟೆ ವ್ಯಾಪಾರದಲ್ಲಿರುವ ನಮ್ಮವರಿಗೆ ತಿರುಪ್ಪೂರು ಹೊಸದಲ್ಲ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ, ಸೇಲಂ-ಕೊಚ್ಚಿ ಹೆದ್ದಾರಿಯಲ್ಲಿ ಅವಿನಾಶಿ ಇದೆ. ಅವಿನಾಶಿಯಲ್ಲಿ ಬೇಸಗೆಯ ಬಿಸಿಲು ನಮ್ಮ ಊರಿಗಿಂತ ಕಡಿಮೆಯೇನಲ್ಲ. ಆದರೆ ಒಂದೇ ಕಂಪೆನಿಯ ಒಂದೇ ಮಾಡೆಲ್ ಎಸಿ ಅಲ್ಲಿ ಹಾಳಾಗುವ ರೀತಿ ಬೇರೆ, ಇಲ್ಲಿ ಹಾಳಾಗುವ ರೀತಿ ಬೇರೆ.

ಕೊಯಮತ್ತೂರು-ಅವಿನಾಶಿ ಭಾಗ ಮಳೆ ಕಡಿಮೆಯ ಒಣ ಪ್ರದೇಶ. ಕೆರೆ ತುಂಬಿಸುವ ಅತ್ತಿಕಡವು-ಅವಿನಾಶಿ ಯೋಜನೆಗಾಗಿ ಜನ ದಶಕಗಳ ಕಾಲ ಕಾದ ಊರು ಅದು, ಯೋಜನೆ ಉದ್ಘಾಟನೆಯಾದದ್ದು 2024ರ ಆಗಸ್ಟ್‌ನಲ್ಲಿ. ಅಲ್ಲಿ ಎಸಿಗೆ ದೊಡ್ಡ ಶತ್ರು ದೂಳು, ಹೊಲಿಗೆ-ಹೆಣಿಗೆ ಘಟಕಗಳ ಹತ್ತಿರವಾದರೆ ನೂಲಿನ ನಾರು. ಫಿಲ್ಟರ್ ತೊಳೆದು, ಯೂನಿಟ್‌ಗೆ ನೀರು ಹಾಯಿಸಿ ಸರ್ವಿಸ್ ಮಾಡಿದರೆ ಅರ್ಧ ತೊಂದರೆ ಮುಗಿಯುತ್ತದೆ. ಅಂಥ ಸರ್ವಿಸ್‌ಗೆ ಸಾಮಾನ್ಯವಾಗಿ ಸಾವಿರ ರೂಪಾಯಿಯೊಳಗೆ ಆಗುತ್ತದೆ.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ, ಅದರ ಮೇಲೆ ಉಪ್ಪಿನ ಗಾಳಿ. ಉಳ್ಳಾಲ, ಪಣಂಬೂರು, ಸುರತ್ಕಲ್ ಕಡೆ ಸಮುದ್ರಕ್ಕೆ ಮುಖ ಮಾಡಿದ ಯೂನಿಟ್‌ಗಳ ಮೇಲೆ ಉಪ್ಪಿನ ತೇವ ಕೂತು, ತಾಮ್ರದ ಪೈಪು ಮತ್ತು ಅಲ್ಯೂಮಿನಿಯಂ ತಗಡು ಸೇರುವ ಜಾಗವನ್ನು ನಿಧಾನಕ್ಕೆ ತಿನ್ನುತ್ತದೆ. ನಮ್ಮ ಕಡೆ ಲೀಕ್ ಸಮಸ್ಯೆಗೆ ಇದು ದೊಡ್ಡ ಕಾರಣ. ಸಮುದ್ರ ಹತ್ತಿರದ ಮನೆಯವರು ಹೊರಗಿನ ಯೂನಿಟನ್ನು ಕಡಲ ಗಾಳಿ ನೇರ ಬಡಿಯದ ಗೋಡೆಗೆ ಹಾಕಿಸಬೇಕು, ಆಗಾಗ ಸಿಹಿನೀರಿನಲ್ಲಿ ತೊಳೆಸಬೇಕು, ಕೊಳ್ಳುವಾಗಲೇ ಕಾಯಿಲ್ ಮೇಲೆ ತುಕ್ಕು ತಡೆಯುವ ಲೇಪನ ಇದೆಯಾ ಅಂತ ವಿಚಾರಿಸಬೇಕು.

ಗಲ್ಫ್‌ನಲ್ಲಿರುವವರ ಮನೆಗಳದ್ದು ಇನ್ನೊಂದು ಕಥೆ. ವರ್ಷದ ಹತ್ತು ಹನ್ನೊಂದು ತಿಂಗಳು ಬೀಗ, ರಜೆಯಲ್ಲಿ ಮಾತ್ರ ಎಸಿ. ಬಳಸದಿದ್ದರೂ ಉಪ್ಪು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಇನ್ವರ್ಟರ್ ಎಸಿಯ ಸರ್ಕ್ಯೂಟ್ ಬೋರ್ಡ್‌ಗೆ ಹಲ್ಲಿ, ಇರುವೆ ಹೊಕ್ಕರೆ ಶಾರ್ಟ್ ಆಗುತ್ತದೆ. ಬೋರ್ಡ್ ಹೋಗಿದೆ ಎಂದಾಗ ಪೂರ್ತಿ ಬದಲಿಸುವುದೊಂದೇ ದಾರಿಯಲ್ಲ, ಎಷ್ಟೋ ಸಲ ಬಿಡಿಭಾಗ ಹಾಕಿ ಸರಿಪಡಿಸಬಹುದು. ಎರಡಕ್ಕೂ ದರ ಕೇಳಿ, ಬದಲಿಸಿದರೆ ಹಳೆಯ ಬೋರ್ಡ್ ವಾಪಸ್ ಕೇಳಿ.

ಬಿಲ್ ಇಲ್ಲದಿದ್ದರೆ ಹಕ್ಕೂ ಇಲ್ಲ

'ಹತ್ತು ವರ್ಷ ವಾರಂಟಿ' ಎಂದು ಜಾಹೀರಾತಿನಲ್ಲಿ ಕಾಣುವುದು ಹೆಚ್ಚಾಗಿ ಕಂಪ್ರೆಸರ್‌ಗೆ ಮಾತ್ರ. ಗ್ಯಾಸ್, ಕೂಲಿ, ಸಾಗಾಟ ಬೇರೆ. ವಾರಂಟಿ ಕಾರ್ಡನ್ನು ಕೊಳ್ಳುವ ದಿನವೇ ಓದಬೇಕು, ಕೆಟ್ಟ ದಿನ ಅಲ್ಲ.

ಬಿಲ್‌ನಲ್ಲಿ ಶೇ. 18 ಜಿಎಸ್‌ಟಿ ಹಾಕಿದ್ದರೆ ಜಿಎಸ್‌ಟಿ ನಂಬರ್ ಇದೆಯಾ ನೋಡಿ. ವರ್ಷಕ್ಕೆ 20 ಲಕ್ಷ ರೂ.ವರೆಗಿನ ವಹಿವಾಟಿನ ಸೇವೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ನೋಂದಣಿ ಇಲ್ಲದವರು ತೆರಿಗೆ ಎಂದು ಹಣ ಪಡೆಯುವಂತಿಲ್ಲ.

ಬಿಲ್ ಕೊಡದಿರುವುದೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಕನ್ನಡದಲ್ಲೂ ತಮಿಳಿನಲ್ಲೂ ದೂರು ಹೇಳಬಹುದು. ಅದರಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಹಣ 5 ಲಕ್ಷ ರೂ.ವರೆಗೆ ಇದ್ದರೆ ಶುಲ್ಕವಿಲ್ಲ, ಈಗ ನಾವು ವಾಸವಿರುವ ಊರಲ್ಲೇ ದಾಖಲಿಸಬಹುದು. ಕಂಪೆನಿಯ ಕಚೇರಿ ಎಲ್ಲಿದೆ ಅಂತ ಹುಡುಕಿ ಹೋಗಬೇಕಿಲ್ಲ. ಕೇಂದ್ರ ಸರಕಾರ 2022ರ ಡಿಸೆಂಬರ್‌ನಲ್ಲಿ ತೆರೆದ 'ರೈಟ್ ಟು ರಿಪೇರಿ' ಪೋರ್ಟಲ್‌ನಲ್ಲಿ ಕೆಲವು ಕಂಪೆನಿಗಳ ವಾರಂಟಿ, ಬಿಡಿಭಾಗ, ಸರ್ವಿಸ್ ಸೆಂಟರ್ ಮಾಹಿತಿಯೂ ಸಿಗುತ್ತದೆ.

ನಮ್ಮ ಹುಡುಗರಿಗೊಂದು ಮಾತು

ಇಷ್ಟು ಹೇಳಿದ್ದು ಎಸಿ ಮೆಕ್ಯಾನಿಕ್‌ಗಳ ವಿರುದ್ಧ ಅಲ್ಲ. ಸಮುದಾಯದ ಎಷ್ಟೋ ಯುವಕರು ಈ ಕೆಲಸದಲ್ಲಿದ್ದಾರೆ, ಗಲ್ಫ್‌ನಿಂದ ಕೆಲಸ ಕಲಿತು ಬಂದವರೂ ಇದ್ದಾರೆ. ಐಟಿಐನಲ್ಲಿ ಇದಕ್ಕೆಂದೇ ಎರಡು ವರ್ಷದ ಕೋರ್ಸ್ ಇದೆ. ಬಿಸಿಲಲ್ಲಿ ಮೂರನೇ ಮಹಡಿಯ ಗೋಡೆಗೆ ನೇತಾಡಿ ಮಾಡುವ ಕೆಲಸಕ್ಕೆ ತಕ್ಕ ಕೂಲಿ ಸಿಗಲೇಬೇಕು. ಗ್ರಾಹಕರಾದ ನಾವು ಐದು ನಿಮಿಷದಲ್ಲಿ, ಅತಿ ಕಡಿಮೆ ದರಕ್ಕೆ ಮುಗಿಸು ಅಂತ ಒತ್ತಾಯಿಸಿದರೆ ಅವನು ಲೀಕ್ ಹುಡುಕುವುದಾದರೂ ಹೇಗೆ? ಆರ್-32 ಬೆಂಕಿ ಹಿಡಿಯಬಲ್ಲ ಗ್ಯಾಸ್ ಎಂಬುದನ್ನು ಕೆಲಸ ಮಾಡುವವರು ಮರೆಯಬಾರದು. ಒತ್ತಡ ಪರೀಕ್ಷೆಗೆ ನೈಟ್ರೋಜನ್ ಬದಲು ಆಮ್ಲಜನಕ ಬಳಸಿದರೆ ಸ್ಫೋಟವಾಗಿ ಜೀವವೇ ಹೋಗಬಹುದು.

ಅಳತೆ-ತೂಕದಲ್ಲಿ ವಂಚಿಸಬಾರದು ಎಂಬ ಪಾಠವನ್ನು ಮದ್ರಸದಲ್ಲೇ ಕಲಿತವರು ನಾವು. ಅದು ತಕ್ಕಡಿಗೆ ಮಾತ್ರ ಅಲ್ಲ, ಗ್ಯಾಸ್ ಸಿಲಿಂಡರ್‌ಗೂ ಅನ್ವಯಿಸುತ್ತದೆ. ತೂಗಿ ತೋರಿಸಿ, ಬಿಲ್ ಕೊಟ್ಟು, ಲೀಕ್ ಮತ್ತೆ ಬಂದರೆ ಇಷ್ಟು ತಿಂಗಳು ನನ್ನ ಜವಾಬ್ದಾರಿ ಎಂದು ಬರೆದುಕೊಡುವ ಹುಡುಗನಿಗೆ ಗಿರಾಕಿಗಳ ಕೊರತೆ ಆಗುವುದಿಲ್ಲ.

ಇದು ಜಮಾಅತ್ ಕಮಿಟಿಗಳಿಗೂ ಸೇರಿದ ವಿಚಾರ. ಈಗ ಹಲವು ಮಸೀದಿಗಳಲ್ಲಿ ಎಸಿ ಇದೆ, ರಮಝಾನ್‌ಗೆ ಮೊದಲು ಸರ್ವಿಸ್ ನಡೆಯುತ್ತದೆ. ಅದು ಜನರ ದುಡ್ಡು. ಯಾವ ಎಸಿಗೆ, ಯಾವ ದಿನ, ಎಷ್ಟು ಗ್ರಾಂ ಗ್ಯಾಸ್ ಹೋಯಿತು ಅಂತ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ಒಂದೇ ಎಸಿಯ ಹೆಸರು ಎರಡನೇ ಸಲ ಬಂದರೆ, ಗ್ಯಾಸ್‌ಗೆ ಹಣ ಕೊಡುವ ಮೊದಲು ಲೀಕ್ ಹುಡುಕಿಸಬೇಕೆಂದು ಆ ಪುಸ್ತಕವೇ ಹೇಳುತ್ತದೆ.