ಪೆನ್ನಿನ ಕಲೆ ತೆಗೆಯಲು ಹೋಗಿ ಪೆನ್ನನ್ನೇ ಕೊಲ್ಲಬೇಡ್ರಿ

ಮಿಶ್ರಿಕೋಟಿಯ ನಮ್ಮ ಓಣಿಯಲ್ಲಿ ಎಂಟನೇ ತರಗತಿ ಹುಡುಗಿಯೊಬ್ಬಳ ಇಂಕ್ ಪೆನ್ನು ಮೊನ್ನೆ ತಿಪ್ಪೆಗೆ ಬಿತ್ತು. ಒಳಗಿನ ಶಾಯಿ ಹೊರಗೆ ಕಾಣುವ, ಗಾಜಿನಂಥ ಪೆನ್ನು. ನೇರಳೆ ಶಾಯಿಯ ಕಲೆ ಕ್ಯಾಪಿನೊಳಗೆ ಕೂತಿತ್ತು. ಅವರಪ್ಪ ಫೋನಿನಲ್ಲಿ ಒಂದು ವಿಡಿಯೋ ನೋಡಿ, ಟ್ರೇಲರ್‌ಗೆ ಬಣ್ಣ ಹೊಡೆದು ಉಳಿದಿದ್ದ ಥಿನ್ನರ್‌ನಿಂದ ಉಜ್ಜಿದರು. ಕಲೆ ಹೋಯಿತು, ಪೆನ್ನೂ ಹೋಯಿತು. ಪ್ಲಾಸ್ಟಿಕ್ ಹಾಲಿನಂತೆ ಬೆಳ್ಳಗಾಗಿ ಬಿರುಕು ಬಿಟ್ಟಿತು. “ಹೋಗ್ಲಿ ಬಿಡವಾ, ಹತ್ತು ರೂಪಾಯಿಗೆ ಬಾಲ್ ಪೆನ್ ಬರ್ತಾವ” ಅಂದರು.

ಆ ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಎರಡು ಮಾತಿನ ಮೇಲೆ. ಒಂದು, “ಜಬರ್ದಸ್ತ್ ಔಷಧ ಹಾಕಿದ್ರ ಎಲ್ಲಾ ಕಲೆ ಹೋಗ್ತದ” ಅನ್ನೋ ವಿಡಿಯೋ ಜ್ಞಾನ. ಎರಡು, “ಕಲೆ ಆತು, ಒಗೀರಿ” ಅನ್ನೋ ಹೊಸ ಚಟ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರ ಸಾಲಿಗೆ ನಾವೂ ಸೇರುತ್ತಿದ್ದೇವೆ.

ಮೊದಲು ಕೇಳಬೇಕಾದ ಪ್ರಶ್ನೆ: ಶಾಯಿ ಯಾವುದು? ಎಲ್ಲ ಶಾಯಿಯೂ ಒಂದೇ ಅಲ್ಲ. ವೋಟು ಹಾಕಿದಾಗ ಬೆರಳಿಗೆ ಹಚ್ಚುವ ಶಾಯಿ ನೋಡಿ. ಅದನ್ನು ತಯಾರಿಸುವುದು ನಮ್ಮ ಮೈಸೂರಿನ ಮೈಸೂರು ಪೇಂಟ್ಸ್ ಆ್ಯಂಡ್ ವಾರ್ನಿಷ್ ಕಾರ್ಖಾನೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾಗಿದ್ದು, 1962ರ ಚುನಾವಣೆಯಿಂದ ಶಾಯಿ ಕೊಡುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪು ಮತ್ತು ಬೆಳಕು ಸೇರಿ ಕಪ್ಪಾಗುತ್ತದೆ. ಸೋಪು ಅದಕ್ಕೆ ಏನೂ ಮಾಡದು, ಉಗುರು ಬೆಳೆದ ಮೇಲೆಯೇ ಹೋಗುವುದು. ಪೆನ್ನಿನ ಸಾದಾ ಶಾಯಿ ಹಾಗಲ್ಲ. ಅದು ನೀರಿನಲ್ಲಿ ಕರಗಿಸಿದ ಬಣ್ಣ. ನೀರಿನಲ್ಲಿ ಕರಗಿದ್ದನ್ನು ತೆಗೆಯಲು ನೀರೇ ಮೊದಲ ಮದ್ದು.

ಹೀಗೆ ಮಾಡ್ರಿ. ಪೆನ್ನು ಬಿಚ್ಚಿ, ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿರಿ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಒಣಗಿದ ಮೇಲೆ ಬಿಳಿ ಕಲೆ ಬಿಡುತ್ತದೆ. ಶುದ್ಧ ನೀರಿನ ಘಟಕದ ಒಂದು ಲೋಟ ನೀರು ಸಾಕು. ಬೆಳಿಗ್ಗೆ ಪಾತ್ರೆ ತೊಳೆಯುವ ದ್ರವ ಒಂದು ಹನಿ ಹಾಕಿ, ಕಡ್ಡಿಗೆ ಸುತ್ತಿದ ಹತ್ತಿಯಿಂದ ಮೆಲ್ಲಗೆ ಉಜ್ಜಿರಿ. ನಿಬ್ಬಿಗೆ ಸೂಜಿಯಿಲ್ಲದ ಸಿರಿಂಜಿನಿಂದ ನೀರು ಹಾಯಿಸಿರಿ. ಹೆಚ್ಚಿನ ಕಲೆ ಇಷ್ಟರಲ್ಲೇ ಬಿಡುತ್ತದೆ.

ಹಟಮಾರಿ ಕೆಂಪು, ನೇರಳೆ ಬಣ್ಣ ಉಳಿದರೆ, ಒಂದು ಚಮಚ ಬ್ಲೀಚ್ ದ್ರವಕ್ಕೆ ಒಂಬತ್ತು ಚಮಚ ನೀರು. ಅದರಲ್ಲಿ ಕ್ಯಾಪ್ ಮತ್ತು ಕೊಳವೆಯ ಪ್ಲಾಸ್ಟಿಕ್ ಮಾತ್ರ ಹತ್ತು ನಿಮಿಷ ಇಟ್ಟು, ಚೆನ್ನಾಗಿ ತೊಳೆಯಿರಿ. ನಿಬ್ಬು, ಕ್ಲಿಪ್ಪು ಅದರಲ್ಲಿ ಮುಳುಗಬಾರದು, ತುಕ್ಕು ಹಿಡಿಯುತ್ತದೆ. ಹಿಂದಿನವರು ಅಳಲೆಕಾಯಿ ಮತ್ತು ಕಬ್ಬಿಣದಿಂದ ಮಾಡುತ್ತಿದ್ದ ಮಸಿಯಂಥ, ಕಬ್ಬಿಣವಿರುವ ಶಾಯಿಗೆ ಬ್ಲೀಚ್ ಹಾಕಿದರೆ ಕಂದು ತುಕ್ಕಿನ ಕಲೆ ನಿಲ್ಲುತ್ತದೆ. ಅದಕ್ಕೆ ನೀರು ಬೆರೆಸಿದ ನಿಂಬೆರಸ ಸರಿ.

ಇಲ್ಲಿ ಒಂದು ಮಾತು ಕಿವಿಗೊಟ್ಟು ಕೇಳ್ರಿ. ನಿಂಬೆರಸ, ವಿನೆಗರ್, ಸಂಡಾಸು ತೊಳೆಯುವ ಆಸಿಡ್ ಬ್ಲೀಚಿಗೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯಾ ಸೇರಿದರೂ ವಿಷದ ಹೊಗೆಯೇ. ಗಾಜು ಒರೆಸುವ ಕೆಲವು ದ್ರವಗಳಲ್ಲಿ ಅಮೋನಿಯಾ ಇರುತ್ತದೆ. ಬ್ಲೀಚಿಂಗ್ ಪೌಡರಿಗೂ ಇದೇ ಎಚ್ಚರಿಕೆ. “ಎರಡೂ ಕೂಡಿಸಿದ್ರ ಡಬಲ್ ಪವರ್” ಅನ್ನುವ ವಿಡಿಯೋ ನಂಬಿ ಬಾಗಿಲು ಹಾಕಿದ ಬಚ್ಚಲಲ್ಲಿ ಮಗು ಇದನ್ನು ಮಾಡಿದರೆ, ಹೋಗುವುದು ಪೆನ್ನಲ್ಲ, ಉಸಿರು. ಬ್ಲೀಚಿನ ಕೆಲಸ ದೊಡ್ಡವರೇ ಮಾಡಬೇಕು, ಅದೂ ಬಯಲಲ್ಲಿ.

“ಇಷ್ಟೆಲ್ಲಾ ಯಾರಿಗೆ ಪುರಸೊತ್ತೈತ್ರಿ?” ಅಂತ ಕೇಳುವವರಿದ್ದಾರೆ. ನೆನೆಸಿಟ್ಟ ಪೆನ್ನಿಗೆ ರಾತ್ರಿ ಕಾವಲು ಬೇಕಿಲ್ಲ. ಕುಡಗೋಲು ಮೊಂಡಾದರೆ ನಾವು ಕಮ್ಮಾರನ ಹತ್ತಿರ ಒಯ್ಯುತ್ತೇವೆ, ಕೂರಿಗೆ ಮುರಿದರೆ ಬಡಿಗೇರನ ಮನೆಗೆ ಹೋಗುತ್ತೇವೆ. ಅದೇ ಮನೆಯ ಮಗುವಿಗೆ ಪೆನ್ನು ಮಾತ್ರ ಒಗೆಯುವ ವಸ್ತು ಅಂತ ಯಾಕೆ ಕಲಿಸುತ್ತೇವೆ? ಹಗುರದ ಬಾಲ್ ಪೆನ್ನುಗಳು ಖಾಲಿಯಾದ ಮೇಲೆ ತಿಪ್ಪೆಗೆ ಹೋಗುತ್ತವೆ, ತಿಪ್ಪೆಯಿಂದ ಗೊಬ್ಬರದ ಜೊತೆ ಹೊಲಕ್ಕೆ. ಇಲ್ಲವೇ ಬೆಂಕಿಗೆ, ಬೆಂಕಿಯಿಂದ ನಮ್ಮದೇ ಮೂಗಿಗೆ. ಶಾಯಿ ತುಂಬುವ ಪೆನ್ನು ಜೋಪಾನ ಮಾಡಿದರೆ ವರ್ಷಗಟ್ಟಲೆ ಬರೆಯುತ್ತದೆ.

ಇನ್ನೊಂದು ಮಾತು. ಎಲ್ಲಾ ತೊಳೆದ ಮೇಲೂ ಸ್ವಲ್ಪ ನೀಲಿ ಉಳಿದರೆ ಬಿಟ್ಟುಬಿಡ್ರಿ. ಆ ಪಾರದರ್ಶಕ ಪೆನ್ನು ಹುಟ್ಟಿದ್ದೇ ಅಂಗಡಿಯವರು ಗಿರಾಕಿಗೆ ಒಳಗಿನ ಕೆಲಸ ತೋರಿಸಲಿ ಅಂತ. ನಮ್ಮ ಮಕ್ಕಳ ಕೈಯಲ್ಲಿ ಅದರ ಕೆಲಸ ಬರೆಯುವುದು. ಶಾಯಿ ಸರಾಗ ಇಳಿಯುತ್ತಿದ್ದರೆ ಪೆನ್ನು ಗಟ್ಟಿ ಐತಿ.

ಆ ಹುಡುಗಿಗೆ ಈಗ ಇನ್ನೊಂದು ಇಂಕ್ ಪೆನ್ನು ಬಂದಿದೆ. ಈ ಸಲ ಕಲೆಯಾದರೆ ಥಿನ್ನರ್ ಡಬ್ಬಿ ಅಟ್ಟದ ಮೇಲೇ ಇರಲಿ, ಒಂದು ಲೋಟ ನೀರು ತರ್ರಿ ಅಂತ ಅವರಪ್ಪನಿಗೆ ಹೇಳಿ ಬಂದಿದ್ದೇನೆ. ನಿಮ್ಮ ಓಣಿಯಲ್ಲೂ ನೀವು ಹೇಳ್ರಿ.