ಪುಸ್ತಕ ಮಳಿಗೆಯ ಮುಂದೆ ನಾವು ಯಾಕೆ ನಿಲ್ಲೋದಿಲ್ಲ?

ಈ ಸಲದ ಕ್ಲಬ್ ಮೀಟಿಂಗ್‌ನಲ್ಲಿ ಒಂದು ಪ್ರಶ್ನೆ ಬಂತು. ಕಾಲೇಜಿನ ಹಬ್ಬಕ್ಕೆ ಕನ್ನಡ ಕ್ಲಬ್ ಕಡೆಯಿಂದ ಏನು ಮಾಡೋಣ? ಉತ್ತರವೂ ಪ್ರತಿ ಸಲದ್ದೇ: ಒಂದು ಪುಸ್ತಕ ಮಳಿಗೆ ಹಾಕಿಸೋಣ, ರಿಯಾಯಿತಿ ಕೊಡಿಸೋಣ. ಎಲ್ಲರೂ ಕೈ ಎತ್ತಿದೆವು. ಆಮೇಲೆ ಹೊರಗೆ ಚಹಾ ಕುಡೀತಾ ಒಬ್ಬರನ್ನೊಬ್ಬರು ಕೇಳಿಕೊಂಡೆವು, ಹೋದ ವರ್ಷ ಆ ಮಳಿಗೆಯಲ್ಲಿ ನಾವು ಎಷ್ಟು ಜನ ಪುಸ್ತಕ ಕೊಂಡಿದ್ವಿ? ಆರು ಜನರಲ್ಲಿ ಒಬ್ಬಳು. ಅದೂ ಅವಳ ಅಮ್ಮ ಹೆಸರು ಬರೆದು ಕಳಿಸಿದ್ದಕ್ಕೆ.

ಹೀಗಾಗಿ ಈ ಲೇಖನ. ರಿಯಾಯಿತಿ ಮಳಿಗೆ ಬೇಡ ಅಂತ ನಾವು ಹೇಳ್ತಿಲ್ಲ. ಅದರ ಪಕ್ಕ ಇನ್ನೊಂದು ಟೇಬಲ್ ಬೇಕು, ಅದರ ಮೇಲೆ ನಾವೇ ಮಾಡಿದ ಚಿತ್ರಪುಸ್ತಕಗಳು ಇರಬೇಕು ಅಂತ ಹೇಳ್ತಿದ್ದೀವಿ.

2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಆಯಿತಲ್ಲ, ದೊಡ್ಡರಂಗೇಗೌಡರು ಅಧ್ಯಕ್ಷರಾಗಿದ್ದರು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆಯ ನಾವೆಲ್ಲ ಮನೆಯವರ ಜೊತೆ ಹೋಗಿದ್ವಿ. ಆಗ ನಮಗೆ ಹದಿನಾರು. ಪುಸ್ತಕದ ಮಳಿಗೆಗಳ ಸಾಲು ನೋಡಿದರೆ ಎಲ್ಲಿ ಮುಗಿಯುತ್ತೆ ಅಂತಲೇ ಗೊತ್ತಾಗ್ತಿರಲಿಲ್ಲ. ನಾವು ಆ ಸಾಲಿನ ಈ ತುದಿಯಿಂದ ಆ ತುದಿವರೆಗೆ ನಡೆದು, ಸೆಲ್ಫಿ ತೆಗೆದು, ಮಿರ್ಚಿ ಮಂಡಕ್ಕಿ ತಿಂದು ವಾಪಸ್ ಬಂದ್ವಿ. ನಾಚಿಕೆಯ ವಿಷಯ, ಆದರೆ ನಿಜ.

ಯಾಕೆ ನಿಲ್ಲಲಿಲ್ಲ? ನಾವು ಇಂಗ್ಲಿಷ್ ಮೀಡಿಯಂನವರು. ಮನೆಯಲ್ಲಿ ಕನ್ನಡ, ಜಗಳದಲ್ಲಿ ಕನ್ನಡ, ಆದರೆ ಓದೋದಕ್ಕೆ ಕೂತರೆ ಒಂದು ಪುಟಕ್ಕೆ ಐದು ನಿಮಿಷ. ಒತ್ತಕ್ಷರ ಬಂದಾಗಲೆಲ್ಲ ಬ್ರೇಕ್. ಅಂಥವರ ಕಣ್ಣಿಗೆ ಮುನ್ನೂರು ಪುಟದ ದಪ್ಪ ಪುಸ್ತಕಗಳ ರಾಶಿ ಗೋಡೆ ಥರ ಕಾಣುತ್ತೆ. ರಿಯಾಯಿತಿ ಕೊಟ್ಟರೆ ಗೋಡೆಯ ಬೆಲೆ ಕಮ್ಮಿಯಾಗುತ್ತೆ, ಬಾಗಿಲೇನೂ ತೆರೆಯೋದಿಲ್ಲ.

ಈಗ ಬೇರೆ ಥರದ ಪುಸ್ತಕದ ಮಾತು. 1963ರಲ್ಲಿ ಅಮೆರಿಕದ ಕಲಾವಿದ ಎಡ್ ರುಶೇ ಒಂದು ಸಣ್ಣ ಪುಸ್ತಕ ಮಾಡಿದ. ಹೆದ್ದಾರಿ ಪಕ್ಕದ ಇಪ್ಪತ್ತಾರು ಪೆಟ್ರೋಲ್ ಬಂಕ್‌ಗಳ ಕಪ್ಪು ಬಿಳುಪು ಫೋಟೋ, ಅಷ್ಟೇ. ಮೊದಲ ಮುದ್ರಣ 400 ಪ್ರತಿ. ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಇಟ್ಟುಕೊಳ್ಳಲು ಒಪ್ಪಲಿಲ್ಲ. ಆತ ಅದನ್ನೇ ಜಾಹೀರಾತು ಮಾಡಿಕೊಂಡ! ಇವತ್ತು ಕಲಾವಿದರ ಪುಸ್ತಕ ಅಂದರೆ ಮೊದಲು ನೆನಪಾಗೋದರಲ್ಲಿ ಅದೂ ಒಂದು. ಇಂಥ ಪುಸ್ತಕಗಳಿಗೇ ಅಂತ ನ್ಯೂಯಾರ್ಕಿನಲ್ಲಿ 2006ರಲ್ಲಿ ಮೇಳ ಶುರುವಾಯಿತು. ದೂರದ ಮಾತು ಬೇಡ ಅಂದರೆ ಚೆನ್ನೈನ ತಾರಾ ಬುಕ್ಸ್ ಇದೆ. ಅವರ ಮರಗಳ ಪುಸ್ತಕ 2006ರಲ್ಲಿ ಬಂತು. ಗೊಂಡ ಕಲಾವಿದರಾದ ಭಜ್ಜು ಶ್ಯಾಮ್, ದುರ್ಗಾಬಾಯಿ, ರಾಮ್ ಸಿಂಗ್ ಉರ್ವೇತಿ ಬರೆದ ಚಿತ್ರಗಳನ್ನು ಕಪ್ಪು ಕಾಗದದ ಮೇಲೆ ಒಂದೊಂದಾಗಿ ಕೈಯಿಂದಲೇ ಸ್ಕ್ರೀನ್ ಪ್ರಿಂಟ್ ಮಾಡಿ ಹೊಲಿದದ್ದು. ಅದು ಎಷ್ಟೋ ಭಾಷೆಗಳಿಗೆ ಹೋಗಿದೆ.

ನಮ್ಮ ಹೆದ್ದಾರಿಯೂ ಇದೆಯಲ್ಲ. ಹಾವೇರಿಯಿಂದ ಮೋಟೆಬೆನ್ನೂರು ದಾಟಿ ರಾಣೇಬೆನ್ನೂರಿಗೆ ಹೋಗೋ ರಸ್ತೆಯಲ್ಲಿ ನಾವು ಎಷ್ಟು ಸಲ ಬಸ್ಸಿನ ಕಿಟಕಿಯಿಂದ ನೋಡಿಲ್ಲ? ಆದರೆ ಆ ರಸ್ತೆಯ ಮೇಲೆ ನಮ್ಮದೊಂದು ಪುಸ್ತಕ ಆಗಬಹುದು ಅಂತ ನಮಗೆ ಹೊಳೆದೇ ಇರಲಿಲ್ಲ.

"ನಮ್ಮ ಊರಲ್ಲಿ ಕಲೆ ಎಲ್ಲಿದೆ?" ಅಂತ ಕೇಳೋರಿಗೆ ಎರಡು ಉದಾಹರಣೆ. ಶಿಗ್ಗಾಂವಿ ಹತ್ತಿರ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯ ಉತ್ಸವ ರಾಕ್ ಗಾರ್ಡನ್ ಇದೆ. ಹಳ್ಳಿಯ ಬದುಕೆಲ್ಲ ಸಿಮೆಂಟಿನಲ್ಲಿ ಎದ್ದು ನಿಂತಿದೆ. ನಾವು ಅಲ್ಲಿಗೆ ಟ್ರಿಪ್ ಹೋಗಿದ್ದೀವಿ, ರೀಲ್ಸ್ ಮಾಡಿದ್ದೀವಿ, ಮಾಡಿದವರ ಹೆಸರು ಕೇಳಿರಲಿಲ್ಲ. ಎರಡನೆಯದು, ರಾಣೇಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರ. ತುಂಗಭದ್ರೆಯ ದಂಡೆಯ ಮುಕ್ತೇಶ್ವರ ದೇವಸ್ಥಾನದ ಮೇಲೆ ವಸುಂಧರಾ ಫಿಲಿಯೋಜಾ ಮತ್ತು ಪಿಯೆರ್ ಸಿಲ್ವೆಂ ಫಿಲಿಯೋಜಾ 1995ರಲ್ಲಿ ಇಂಗ್ಲಿಷಿನಲ್ಲಿ ಒಂದು ದೊಡ್ಡ ಪುಸ್ತಕವನ್ನೇ ತಂದಿದ್ದಾರೆ. ದೇಶ ಬಿಟ್ಟು ದೇಶದವರು ಕೂತು ಓದಬಹುದಾದ ಊರು ನಮ್ಮಲ್ಲಿ ಕೆಲವರಿಗೆ ಬಸ್ ಬದಲಾಯಿಸೋ ದಾರಿ ಮಾತ್ರ.

ಇದಕ್ಕಿಂತ ಹತ್ತಿರದ, ಸ್ವಲ್ಪ ನೋವಿನ ಮಾತು ಒಂದಿದೆ. 2024ರ ಮಾರ್ಚ್ 11ರಂದು ಬ್ಯಾಡಗಿ ಎಪಿಎಂಸಿಯಲ್ಲಿ ಮೆಣಸಿನಕಾಯಿ ಬೆಲೆ ಕುಸಿದು ರೈತರು ರೊಚ್ಚಿಗೆದ್ದರು. ಕಚೇರಿಗೆ ಕಲ್ಲು ಬಿತ್ತು, ವಾಹನಗಳಿಗೆ ಬೆಂಕಿ ಬಿತ್ತು. ಆ ದಿನ ನಮ್ಮೆಲ್ಲರ ಫೋನಿಗೂ ವಿಡಿಯೋ ಬಂತು. ನಮ್ಮಲ್ಲಿ ಇಬ್ಬರ ಮನೆಯಲ್ಲಿ ಮೆಣಸಿನಕಾಯಿ ಬೆಳೀತಾರೆ, ಅವರ ಮನೆಯಲ್ಲಿ ಆ ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಈಗ ಆ ವಿಡಿಯೋ ಹುಡುಕಿದರೆ ಒಬ್ಬರ ಫೋನಿನಲ್ಲೂ ಇಲ್ಲ. ಸ್ಟೋರೇಜ್ ಫುಲ್ ಆಯಿತು, ಡಿಲೀಟ್ ಮಾಡಿದ್ವಿ. ಬೆಂಕಿಯ ಚಿತ್ರವಾದರೂ ಒಂದು ದಿನ ಓಡಾಡಿತು. ದಿನವಿಡೀ ಕೂತು ತೊಟ್ಟು ಬಿಡಿಸೋ ಹೆಂಗಸರ ಕೈಯ ಚಿತ್ರ, ಘಾಟಿಗೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಚೀಲ ಹೊರೋ ಹಮಾಲರ ಚಿತ್ರ ಅಷ್ಟೂ ಓಡಾಡೋದಿಲ್ಲ. ಡಬ್ಬಿಗೂ ಕಡ್ಡಿಗೂ ಏನು ವ್ಯತ್ಯಾಸ ಅಂತ ಬ್ಯಾಡಗಿಯವರಾದ ನಾವೇ ತಡವರಿಸ್ತೀವಿ. ಅದಕ್ಕೆ ಹದಿನಾರು ಪುಟ ಕೊಟ್ಟರೆ ಏನು ನಷ್ಟ?

ಸೀನಿಯರ್‌ಗಳ ಮೊದಲ ಆಕ್ಷೇಪ: "ದುಡ್ಡು ಎಲ್ಲಿದೆ?" ಲೆಕ್ಕ ಹಾಕಿದ್ದೀವಿ. ನಾಲ್ಕು ಎ4 ಹಾಳೆ ಮಡಚಿದರೆ ಹದಿನಾರು ಪುಟ. ಎರಡೂ ಬದಿ ಸೇರಿ ಎಂಟು ಜೆರಾಕ್ಸ್, ಒಂದಕ್ಕೆ ಎರಡು ರೂಪಾಯಿ ಅಂದರೂ ಪುಸ್ತಕಕ್ಕೆ 16 ರೂಪಾಯಿ. ಐವತ್ತು ಪ್ರತಿಗೆ 800. ಡಿಜೆಗೆ ಕೊಡೋ ದುಡ್ಡಿನ ಮುಂದೆ ಇದು ಲೆಕ್ಕಕ್ಕೇ ಬರೋದಿಲ್ಲ. ಪುಟ ಜೋಡಿಸೋದಂತೂ ನಮ್ಮಂಥವರಿಗೇ ಹೇಳಿ ಮಾಡಿಸಿದ ಕೆಲಸ. ಹೊರಗಿನ ಹಾಳೆಯಲ್ಲಿ 16ರ ಪಕ್ಕ 1, ಅದರ ಹಿಂದೆ 2ರ ಪಕ್ಕ 15. ಯಾವ ಜೋಡಿ ಕೂಡಿಸಿದರೂ 17 ಬರಬೇಕು. ಬರಲಿಲ್ಲ ಅಂದರೆ ಎಲ್ಲೋ ತಪ್ಪಿದ್ದೀವಿ ಅಂತ ಅರ್ಥ. ನಡುವೆ ಎರಡು ಪಿನ್, ಇಲ್ಲ ಸೂಜಿ ದಾರ.

ಎರಡನೆಯ ಆಕ್ಷೇಪ ದೊಡ್ಡದು: "ಮೊದಲೇ ಓದೋದಿಲ್ಲ, ಚಿತ್ರ ಕೊಟ್ಟರೆ ಇನ್ನೂ ಓದೋದಿಲ್ಲ." ಈ ಭಯ ಸುಳ್ಳು ಅಂತ ನಾವು ಹೇಳೋದಿಲ್ಲ. ಆದರೆ ನಮ್ಮ ಅನುಭವ ಬೇರೆ. ಮಾದರಿಗೆ ಅಂತ ನಾವೊಂದು ಪುಸ್ತಕ ಶುರು ಮಾಡಿದಾಗ ಪ್ರತಿ ಚಿತ್ರದ ಕೆಳಗೆ ಎರಡು ಸಾಲು ಕನ್ನಡ ಬರೀಬೇಕಾಯಿತು. ಆ ಎರಡು ಸಾಲಿಗೆ ಅಜ್ಜಿಗೆ ಫೋನ್ ಮಾಡಿದ್ವಿ, ನಿಘಂಟು ತೆಗೆದ್ವಿ, ಒತ್ತಕ್ಷರ ಸರಿ ಇದೆಯಾ ಅಂತ ಜಗಳ ಆಡಿದ್ವಿ. ಎರಡು ವರ್ಷದಲ್ಲಿ ನಾವು ಕನ್ನಡದ ಜೊತೆ ಅಷ್ಟು ಹೊತ್ತು ಕೂತಿದ್ದು ಅದೇ ಮೊದಲು. ಎರಡು ಸಾಲು ಬರೆದವರು ಇನ್ನೊಬ್ಬರ ಎರಡು ಪುಟ ಓದ್ತಾರೆ ಅನ್ನೋದು ನಮ್ಮ ನಂಬಿಕೆ.

ಪುಸ್ತಕ ತಾನಾಗಿ ಓದುಗರ ಹತ್ತಿರ ಬರೋದಿಲ್ಲ ಅಂತ ನಮ್ಮ ಕಡೆಯವರಿಗೆ ನೂರು ವರ್ಷದ ಹಿಂದೆಯೇ ಗೊತ್ತಿತ್ತು. ಹಾವೇರಿ ತಾಲ್ಲೂಕಿನ ಗಳಗನಾಥದಲ್ಲಿ 1869ರಲ್ಲಿ ಹುಟ್ಟಿದ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ನಾವು ಮಾತ್ರ ಬೆಂಗಳೂರಿನ ಚಿತ್ರಸಂತೆ, ಪುಸ್ತಕ ಮೇಳಗಳ ಫೋಟೋ ನೋಡಿ "ನಮ್ಮ ಕಡೆ ಏನೂ ಆಗೋದಿಲ್ಲ ಬಿಡು" ಅಂತ ಲೈಕ್ ಒತ್ತಿ ಮಲಗ್ತೀವಿ.

ಹಾಗಾಗಿ ಕ್ಲಬ್ಬಿಗೆ ನಮ್ಮ ಕೋರಿಕೆ ಇಷ್ಟು. ಹಬ್ಬದ ದಿನ ಒಂದು ಟೇಬಲ್, ಹಿಂದೆ ಗೋಡೆಗೆ ಬಿಡಿ ಪುಟಗಳ ಪ್ರದರ್ಶನ. ಮೂರು ಊರಿಂದ ಮೂರು ಹೊಸ ಪುಸ್ತಕ: ಬ್ಯಾಡಗಿಯ ಮೆಣಸಿನಕಾಯಿ ಅಂಗಳ, ರಾಣೇಬೆನ್ನೂರು ಕಡೆಯ ಹೊಳೆದಂಡೆ, ಹಾವೇರಿಯ ಬಸ್ ಸ್ಟ್ಯಾಂಡ್. ಯಾರ ಫೋಟೋ ತೆಗೆದರೂ ಮೊದಲು ಕೇಳಿ ತೆಗೆಯಬೇಕು, ಆಮೇಲೆ ಒಂದು ಪ್ರತಿ ಅವರಿಗೆ ಕೊಡಬೇಕು. ಬಿಡುಗಡೆಗೆ ಶಾಲು, ಹಾರ, ಮುಕ್ಕಾಲು ಗಂಟೆಯ ಭಾಷಣ ಬೇಡ. ತೊಟ್ಟು ಬಿಡಿಸೋ ಅಕ್ಕಂದಿರಲ್ಲಿ ಒಬ್ಬರು ಬಂದು ಬಿಡುಗಡೆ ಮಾಡಲಿ. ಬರೋದಕ್ಕೆ ಆಗಲ್ಲ ಅಂದರೆ ನಾವೇ ಬ್ಯಾಡಗಿಗೆ ಹೋಗೋಣ. ಅವರ ಒಂದು ದಿನದ ಕೂಲಿ ತಪ್ಪಬಾರದಲ್ಲ.

ಬ್ಯಾಡಗಿ ಪುಸ್ತಕದ ಎಂಟು ಪುಟ ಆಗಿದೆ. ಇನ್ನು ಎಂಟು ಬೇಕು. ಚಿತ್ರ ಬರೆಯೋಕೆ ಬರೋರು, ಬರದೇ ಇರೋರು, ಸೂಜಿ ಹಿಡಿಯೋರು, ಯಾರಾದರೂ ಸರಿ, ಶನಿವಾರ ಕ್ಲಾಸ್ ಮುಗಿದ ಮೇಲೆ ಕ್ಲಬ್ ರೂಮಿಗೆ ಬನ್ನಿ. ಬರುವಾಗ ಊರಿನ ಒಂದು ಫೋಟೋ ತನ್ನಿ, ಡಿಲೀಟ್ ಮಾಡೋ ಮುಂಚೆ.